ಪೆಟ್ಟಿಗೆಯಲ್ಲಿ ಬರುವ ಕಪಾಟು, ಕೊಂಡವರ ಹಕ್ಕು

ಮಂಚ, ಕಪಾಟು, ಮೇಜುಗಳು ಒಮ್ಮೆ ಮನೆಯನ್ನು ಸೇರಿದರೆ ಎರಡು ಮೂರು ತಲೆಮಾರುಗಳವರೆಗೆ ಅಲ್ಲಿಯೇ ನೆಲೆಸುತ್ತಿದ್ದ ಕಾಲವೊಂದಿತ್ತು. ಬಡಿಗನು ಮನೆಗೇ ಬಂದು, ಪಡಸಾಲೆಯ ಅಳತೆ ಹಿಡಿದು, ಸಾಗುವಾನಿಯನ್ನೋ ಮತ್ತಿಯನ್ನೋ ಹೊನ್ನೆಯನ್ನೋ ಕೊಯ್ಯಿಸಿ ಒಣಗಿಸಿ, ವಾರಗಟ್ಟಲೆ ಕುಳಿತು ಮಾಡಿಕೊಡುತ್ತಿದ್ದನು. ಬಾಗಿಲು ಸರಿಯಾಗಿ ಕೂಡದಿದ್ದರೆ ಅವನ ಮನೆಯ ಮುಂದೆ ನಿಂತು ಕರೆದರಾಯಿತು. ಮರುದಿನ ಉಳಿ, ಬಾಚಿಗಳೊಡನೆ ಬಂದು ಸರಿಪಡಿಸಿ, ಮನೆಯವರೊಡನೆ ಕುಳಿತು ಉಂಡು ಹೋಗುತ್ತಿದ್ದನು. ಅಲ್ಲಿ ರಸೀದಿಯೂ ಇರಲಿಲ್ಲ, ಖಾತರಿಪತ್ರವೂ ಇರಲಿಲ್ಲ. ಮಾಡಿದವನ ಮುಖ ಕೊಂಡವನಿಗೆ ಗೊತ್ತಿತ್ತು, ಅದೇ ಖಾತರಿ.

ಇಂದಿನ ಗೃಹಸ್ಥರಿಗೆ ಆ ಮುಖ ಕಾಣುವುದಿಲ್ಲ. ಹುಬ್ಬಳ್ಳಿ, ದಾವಣಗೆರೆ, ಕಲಬುರಗಿಗಳ ಹೊಸ ಬಡಾವಣೆಗಳಲ್ಲಿ, ಬೆಂಗಳೂರಿನ ಬಾಡಿಗೆಯ ಮನೆಗಳಲ್ಲಿ ಸಂಸಾರ ಹೂಡುವ ಮಕ್ಕಳು ಮೊಬೈಲಿನಲ್ಲಿ ಚಿತ್ರ ನೋಡಿ ಕಪಾಟನ್ನು ತರಿಸುತ್ತಾರೆ. ಅದು ಕಪಾಟಾಗಿ ಬರುವುದಿಲ್ಲ. ಎರಡು ಮೂರು ಚಪ್ಪಟೆಯಾದ ರಟ್ಟಿನ ಪೆಟ್ಟಿಗೆಗಳಲ್ಲಿ ಹಲಗೆಗಳಾಗಿ, ತಿರುಪುಗಳ ಪೊಟ್ಟಣವಾಗಿ, ಅಕ್ಷರಕ್ಕಿಂತ ಚಿತ್ರಗಳೇ ಹೆಚ್ಚಾಗಿರುವ ಒಂದು ಪುಸ್ತಿಕೆಯಾಗಿ ಬರುತ್ತದೆ. ಜೋಡಿಸಿಕೊಳ್ಳುವ ಕೆಲಸ ಕೊಂಡವರದು, ಇಲ್ಲವೇ ಕಂಪನಿಯವರು ಕಳುಹಿಸುವ ಹುಡುಗನದು.

ಈ ಪದ್ಧತಿಯನ್ನು ಜಗತ್ತಿನಾದ್ಯಂತ ಹಬ್ಬಿಸಿದ ಕೀರ್ತಿ ಸ್ವೀಡನ್ ದೇಶದಲ್ಲಿ 1943ರಲ್ಲಿ ಹುಟ್ಟಿದ ಐಕಿಯಾ ಸಂಸ್ಥೆಗೆ ಸಲ್ಲಬೇಕು. ಮೇಜೊಂದು ಕಾರಿನೊಳಗೆ ಹಿಡಿಸದಿದ್ದಾಗ ಅದರ ಕಾಲುಗಳನ್ನು ಬಿಚ್ಚಿ ಇಟ್ಟುಕೊಂಡ ನೌಕರನೊಬ್ಬನ ಯುಕ್ತಿಯಿಂದ ಇದು ಆರಂಭವಾಯಿತೆಂದು ಆ ಸಂಸ್ಥೆಯೇ ಹೇಳಿಕೊಳ್ಳುತ್ತದೆ. 1956ರಿಂದ ಬಿಡಿಭಾಗಗಳ ಮಾರಾಟ ಅಲ್ಲಿ ನಿಯಮಿತವಾಗಿ ನಡೆಯಿತು. ನಮ್ಮ ದೇಶದಲ್ಲಿ ಅದರ ಮೊದಲ ಮಳಿಗೆ 2018ರಲ್ಲಿ ಹೈದರಾಬಾದಿನಲ್ಲಿ, ಕರ್ನಾಟಕದ ಮಳಿಗೆ 2022ರಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿ ತೆರೆಯಿತು. ಅಷ್ಟರೊಳಗೆ ನಮ್ಮವೇ ಆದ ಹಲವು ಕಂಪನಿಗಳೂ ಇದೇ ಹಾದಿ ಹಿಡಿದಿದ್ದವು. ಬೆಲೆ ಅಗ್ಗವಾಗಲು ಕಾರಣ ಸ್ಪಷ್ಟವಾಗಿದೆ. ಜೋಡಿಸಿದ ಕಪಾಟಿನೊಳಗಿರುವುದು ಬಹುಪಾಲು ಗಾಳಿ. ಹಲಗೆಗಳನ್ನು ಬಿಡಿಬಿಡಿಯಾಗಿ ಒಯ್ದರೆ ಒಂದು ಲಾರಿಯಲ್ಲಿ ಎಷ್ಟೋ ಪಟ್ಟು ಹೆಚ್ಚು ಸರಕು ಹಿಡಿಯುತ್ತದೆ. ಕೊನೆಯ ಹಂತದ ಕೂಲಿಯೂ ಕಾರ್ಖಾನೆಯ ಲೆಕ್ಕದಿಂದ ಇಳಿದು ಮನೆಯವರ ಹೆಗಲೇರುತ್ತದೆ. ಈ ವ್ಯವಸ್ಥೆಯನ್ನು ನಾವು ಒಪ್ಪಿಕೊಂಡೇ ಕೊಳ್ಳುತ್ತೇವೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಕೂಲಿ ನಮ್ಮ ಮೇಲೆ ಬಂದಿತೆಂಬ ಮಾತ್ರಕ್ಕೆ ತೂತುಗಳನ್ನು ಸರಿಯಾದ ಜಾಗದಲ್ಲಿ ಕೊರೆಯುವ ಹೊಣೆಯೂ ನಮ್ಮ ಮೇಲೆ ಬರುವುದಿಲ್ಲ.

ಇಂತಹ ಪೀಠೋಪಕರಣಗಳಲ್ಲಿ ಹೆಚ್ಚಿನವು ಇಡಿಯ ಮರದವಲ್ಲ. ಮರದ ಚೂರುಗಳನ್ನು ಅಂಟಿನೊಡನೆ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್, ಅಥವಾ ಮರದ ನಾರನ್ನೇ ಒತ್ತಿ ಮಾಡಿದ ಎಂಡಿಎಫ್ ಹಲಗೆಯ ಮೇಲೆ ತೆಳುವಾದ ಹೊದಿಕೆ ಅಂಟಿಸಿರುತ್ತಾರೆ. ಭಾರತೀಯ ಮಾನಕ ಸಂಸ್ಥೆಯು ಮೊದಲನೆಯದಕ್ಕೆ ಐಎಸ್ 3087, ಎರಡನೆಯದಕ್ಕೆ ಐಎಸ್ 12406 ಎಂಬ ಮಾನಕಗಳನ್ನು ಗೊತ್ತುಪಡಿಸಿದೆ. ಈ ಹಲಗೆಗಳು ಕೆಟ್ಟವೆಂದು ನಾನು ಹೇಳುವುದಿಲ್ಲ. ಒಣಗಿದ ಕೋಣೆಯಲ್ಲಿ, ಮಿತವಾದ ಭಾರದಲ್ಲಿ ಬಹುಕಾಲ ಬಾಳುತ್ತವೆ. ಆದರೆ ಅಂಚಿನ ಪಟ್ಟಿ ಎದ್ದು ನೀರು ಒಳಸೇರಿದರೆ ಹಲಗೆ ಉಬ್ಬುತ್ತದೆ, ಉಬ್ಬಿದ ಮೇಲೆ ಮತ್ತೆ ಇಳಿಯುವುದಿಲ್ಲ. ಮಲೆನಾಡು, ಕರಾವಳಿಗಳ ಮನೆಗಳವರು ಇದನ್ನು ಗಮನದಲ್ಲಿಡಬೇಕು. ಇನ್ನೊಂದು ಗುಣವಿದೆ: ಒಮ್ಮೆ ಬಿಗಿದ ತಿರುಪನ್ನು ಕಿತ್ತು ಅದೇ ತೂತಿಗೆ ಮತ್ತೆ ಬಿಗಿದರೆ ಮೊದಲಿನ ಹಿಡಿತ ಸಿಗುವುದಿಲ್ಲ. ಸಾಗುವಾನಿಯಲ್ಲಿ ನಡೆಯುವ “ಸ್ವಲ್ಪ ಸರಿಸಿ ಕೊರೆದರಾಯಿತು” ಎಂಬ ಉಪಾಯ ಇಲ್ಲಿ ನಡೆಯದು. ತಪ್ಪು ಜಾಗದಲ್ಲಿ ತೂತು ಬಿದ್ದ ಹಲಗೆ ದೋಷಯುಕ್ತ ಹಲಗೆಯೇ ಸರಿ, ಅದನ್ನು ಬದಲಿಸಬೇಕು.

ಈ ಮಾತನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಧಾರವಾಡದಲ್ಲಿರುವ ನಮ್ಮ ಬಂಧುಗಳೊಬ್ಬರು, ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರು, ಮಗಳ ಮದುವೆಯಾದ ಮೇಲೆ ಬೆಂಗಳೂರಿನ ಅವಳ ಹೊಸ ಮನೆಗೆಂದು ಮೂರು ಬಾಗಿಲಿನ ಕಪಾಟೊಂದನ್ನು ₹24,000 ಕೊಟ್ಟು ತರಿಸಿದರು. ಮಾರಿದವರ ಹೆಸರು ಇಲ್ಲಿ ಬೇಡ. ಜೋಡಿಸಲು ಬಂದ ಹುಡುಗನು ಎಡಬದಿಯ ಹಲಗೆಯ ತೂತುಗಳು ಒಂದು ಬೆರಳಿನಷ್ಟು ಕೆಳಗೆ ಬಿದ್ದಿರುವುದನ್ನು ತಾನೇ ಕಂಡುಹಿಡಿದು, ಬೇರೆ ತೂತು ಕೊರೆಯುವೆನೆಂದನು. ಆ ಹೆಣ್ಣುಮಗಳು ಜಾಣೆ, ಬೇಡವೆಂದಳು. ಹುಡುಗನನ್ನು ಬಯ್ಯಲಿಲ್ಲ ಎಂಬುದೂ ನನಗೆ ಮೆಚ್ಚುಗೆಯಾದ ಸಂಗತಿ. ಅವನ ಕಾಯಕ ತಿರುಪು ಬಿಗಿಯುವುದು. ತೂತು ಕೊರೆದವನು ಅವನಲ್ಲ.

ಅನಂತರ ದೂರವಾಣಿಯ ಪ್ರಕರಣ ಆರಂಭವಾಯಿತು. ಮೊದಲು ಫೋಟೋ ಕಳುಹಿಸಿರಿ ಎಂದರು, ಕಳುಹಿಸಿದ್ದಾಯಿತು. ಆಮೇಲೆ ಪೆಟ್ಟಿಗೆ ತೆರೆದ ಮೇಲೆ ಸರಕನ್ನು ಹಿಂದಕ್ಕೆ ಪಡೆಯುವುದಿಲ್ಲವೆಂದರು. ತೆರೆಯದೆ ದೋಷ ಕಾಣುವ ದಿವ್ಯದೃಷ್ಟಿ ಯಾರಿಗಿದೆಯೋ ನಾನರಿಯೆ! ಮೂರನೆಯ ಸಲ, ಹಣ ಕೊಟ್ಟವರು ನೀವಲ್ಲ, ಕೊಂಡವರೇ ಮಾತನಾಡಲಿ ಎಂದರು. ಅಂದು ರಾತ್ರಿ ಅವಳು ನನಗೆ ಕರೆ ಮಾಡಿ, “ದೊಡ್ಡಪ್ಪಾ, ಅಪ್ಪಾ ಫೋನ್ ಮಾಡಿದ್ರ ಅಷ್ಟ ಮಾತಾಡ್ತೀವಿ ಅಂತಾರ್ರೀ. ಅಪ್ಪಗ ಹೆಂಗ ಹೇಳೂದು, ಮನಸ್ಸಿಗೆ ಹಚ್ಚಿಕೊಂಡಾರು” ಎಂದಳು. ಬೀಗರು ಬಂದು ಹೋಗುವ ಮನೆ. ತೌರಿನ ಉಡುಗೊರೆ ರಟ್ಟಿನ ಪೆಟ್ಟಿಗೆಯಲ್ಲಿಯೇ ಗೋಡೆಗೆ ಒರಗಿ ನಿಂತಿತ್ತು. ಮದುವೆಯ ಸೀರೆಗಳು ಸೂಟಕೇಸಿನಲ್ಲಿದ್ದವು.

ಇಲ್ಲಿ ಕಾನೂನು ಏನು ಹೇಳುತ್ತದೆಂಬುದನ್ನು ಓದುಗರು ಅರಿತಿರಬೇಕು. 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಸ್ಥಾನದಲ್ಲಿ ಈಗಿರುವುದು 2019ರ ಕಾಯಿದೆ. ಅದು 2020ರ ಜುಲೈ ತಿಂಗಳಲ್ಲಿ ಜಾರಿಗೆ ಬಂದಿತು. ಅದರ ಪ್ರಕಾರ ಹಣ ಕೊಟ್ಟು ಕೊಂಡವನು ಮಾತ್ರ ಗ್ರಾಹಕನಲ್ಲ, ಅವನ ಒಪ್ಪಿಗೆಯಿಂದ ಆ ವಸ್ತುವನ್ನು ಬಳಸುವವರೂ ಗ್ರಾಹಕರೇ. ತಂದೆ ಕೊಂಡ ಕಪಾಟಿಗೆ ಮಗಳು ದೂರು ಕೊಡಲು ಯಾವ ಅಡ್ಡಿಯೂ ಇಲ್ಲ. ಮರುಮಾರಾಟಕ್ಕಾಗಲಿ ವ್ಯಾಪಾರದ ಉದ್ದೇಶಕ್ಕಾಗಲಿ ಕೊಂಡಿರಬಾರದು, ಅಷ್ಟೆ. ಅಂತರ್ಜಾಲದ ಮೂಲಕ ಕೊಂಡರೂ ಇದೇ ನಿಯಮ.

“ಒಮ್ಮೆ ಮಾರಿದ ಸರಕನ್ನು ವಾಪಸು ಪಡೆಯುವುದಿಲ್ಲ” ಎಂಬ ಫಲಕವನ್ನು ನಾವು ಬಾಲ್ಯದಿಂದಲೂ ಅಂಗಡಿಗಳಲ್ಲಿ ಕಂಡಿದ್ದೇವೆ, ಅದನ್ನು ಧರ್ಮಶಾಸನವೆಂಬಂತೆ ತಲೆಬಾಗಿ ಒಪ್ಪಿದ್ದೇವೆ. ದೋಷವುಳ್ಳ ಸರಕಿಗೆ ಈ ಮಾತು ಅನ್ವಯಿಸದು. ರಸೀದಿಯಲ್ಲಿ ಹೇಳಿದ ಅವಧಿಯೊಳಗೆ, ಹೇಳಿರದಿದ್ದರೆ 30 ದಿನಗಳೊಳಗೆ, ದೋಷಯುಕ್ತ ವಸ್ತುವನ್ನು ಹಿಂದಕ್ಕೆ ಪಡೆದು ಹಣ ಮರಳಿಸಲು ನಿರಾಕರಿಸುವುದನ್ನು 2019ರ ಕಾಯಿದೆಯು ಅನ್ಯಾಯದ ವ್ಯಾಪಾರ ಪದ್ಧತಿಗಳ ಸಾಲಿನಲ್ಲಿಯೇ ಸೇರಿಸಿದೆ. ಬಿಲ್ಲು ಕೊಡದಿರುವುದೂ ಅದೇ ಸಾಲಿನಲ್ಲಿದೆ. ಅಂತರ್ಜಾಲ ವ್ಯಾಪಾರಕ್ಕಾಗಿ 2020ರಲ್ಲಿ ಬಂದ ನಿಯಮಗಳು ಇನ್ನಷ್ಟು ನೇರವಾಗಿವೆ. ವಸ್ತು ದೋಷಯುಕ್ತವಾಗಿದ್ದರೆ, ಅಥವಾ ಜಾಹೀರಾತಿನಲ್ಲಿ ತೋರಿಸಿದ ಗುಣಲಕ್ಷಣಗಳು ಅದರಲ್ಲಿ ಇಲ್ಲದಿದ್ದರೆ, ಮಾರಾಟಗಾರನು ಅದನ್ನು ಹಿಂದಕ್ಕೆ ಪಡೆಯಲಾರೆನೆನ್ನುವಂತಿಲ್ಲ. ಅಂತಹ ಪ್ರತಿಯೊಂದು ಕಂಪನಿಯೂ ಕುಂದುಕೊರತೆ ಅಧಿಕಾರಿಯೊಬ್ಬರನ್ನು ನೇಮಿಸಿ, ಅವರ ಹೆಸರನ್ನೂ ಸಂಪರ್ಕ ವಿವರವನ್ನೂ ಪ್ರಕಟಿಸಿರಬೇಕು. ದೂರು ಮುಟ್ಟಿತೆಂದು ಆ ಅಧಿಕಾರಿ 48 ಗಂಟೆಗಳಲ್ಲಿ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು.

ದೂರವಾಣಿಯಲ್ಲಿ ಆಡಿದ ಮಾತು ಗಾಳಿಗೆ ಹೋಗುತ್ತದೆ, ಬರೆದದ್ದು ನಿಲ್ಲುತ್ತದೆ. ಆದುದರಿಂದ ಆ ಅಧಿಕಾರಿಯ ಹೆಸರಿಗೇ ಪತ್ರ ಬರೆಯುವಂತೆ ಮಗಳಿಗೆ ತಿಳಿಸಿದೆನು. ಆದೇಶದ ಸಂಖ್ಯೆ, ತಲುಪಿದ ದಿನ, ದೋಷದ ವಿವರ, ತನಗೆ ಬೇಕಾದ ಪರಿಹಾರ, ಇಷ್ಟೇ ಇರಲಿ, ಕೋಪದ ಮಾತು ಒಂದೂ ಬೇಡವೆಂದೆನು. ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆ ಮಾಡಿಸಿದೆನು. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ಸಹಾಯವಾಣಿಗೆ ಆಜ್ಞೆ ಮಾಡುವ ಅಧಿಕಾರವಿಲ್ಲ, ದೂರನ್ನು ಕಂಪನಿಗೆ ದಾಟಿಸಿ ಉತ್ತರ ಕೇಳುತ್ತದೆ. ಎಷ್ಟೋ ಸಲ ಅಷ್ಟರಿಂದಲೇ ಕೆಲಸವಾಗುತ್ತದೆ. ಇಲ್ಲಿ ಅರ್ಧ ಆಯಿತು. ಹೊಸ ಹಲಗೆ ಬಂದಿತು, ಆದರೆ ಅದರ ಬಣ್ಣ ಬೇರೆ! ಅವಳು ಹಣವನ್ನೇ ಮರಳಿಸಿರೆಂದು ಕೇಳಿದಳು. ಜೋಡಣೆಯ ಶುಲ್ಕವೆಂದು ₹900 ಹಿಡಿದು ಉಳಿದುದನ್ನು ಕಳುಹಿಸಿದರು. ಜೋಡಣೆಯೇ ಆಗದ ಕಪಾಟಿಗೆ ಜೋಡಣೆಯ ಶುಲ್ಕ! ಅವಳು 15 ದಿನಗಳ ಗಡುವಿನ ನೋಟೀಸನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದ ಮೇಲೆ ಆ ಹಣವೂ ಬಂದಿತು. ಒಟ್ಟು ಮೂರು ತಿಂಗಳು ಹಿಡಿಯಿತು.

ಬರದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿತ್ತು. ಕೊಟ್ಟ ಬೆಲೆ ₹50 ಲಕ್ಷದವರೆಗೆ ಇರುವ ದೂರುಗಳನ್ನು ಜಿಲ್ಲಾ ಆಯೋಗವೇ ವಿಚಾರಿಸುತ್ತದೆ. ₹5 ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ. ಹಿಂದೆ ಎದುರು ಪಕ್ಷದವರಿರುವ ಊರಿಗೋ ವ್ಯವಹಾರ ನಡೆದ ಊರಿಗೋ ಅಲೆಯಬೇಕಾಗಿತ್ತು. ಈಗ ದೂರುದಾರರು ತಾವು ವಾಸಿಸುವ ಇಲ್ಲವೇ ದುಡಿಯುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ವಕೀಲರನ್ನು ಹಿಡಿಯಲೇಬೇಕೆಂದೇನೂ ಇಲ್ಲ. ಇ-ಜಾಗೃತಿ ಎಂಬ ಅಂತರ್ಜಾಲ ವ್ಯವಸ್ಥೆಯ ಮೂಲಕ ಮನೆಯಿಂದಲೇ ದೂರು ಸಲ್ಲಿಸುವ ಅನುಕೂಲವಿದೆ. ಕಾರಣ ಉಂಟಾದ ದಿನದಿಂದ ಎರಡು ವರ್ಷಗಳೊಳಗೆ ಸಲ್ಲಿಸಬೇಕೆಂಬುದನ್ನು ಮರೆಯಲಾಗದು. ದೋಷ ತೆಗೆಯುವಂತೆ, ವಸ್ತುವನ್ನು ಬದಲಿಸುವಂತೆ, ಬೆಲೆಯನ್ನು ಬಡ್ಡಿಸಹಿತ ಮರಳಿಸುವಂತೆ, ನಷ್ಟ ತುಂಬಿಕೊಡುವಂತೆ ಆಯೋಗ ಆಜ್ಞಾಪಿಸಬಲ್ಲುದು. ಎದುರು ಪಕ್ಷಕ್ಕೆ ನೋಟೀಸು ಮುಟ್ಟಿದ ಮೂರು ತಿಂಗಳಲ್ಲಿ, ಪ್ರಯೋಗಾಲಯದ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕೆಂದು ಕಾಯಿದೆ ಹೇಳುತ್ತದೆ. ಯತ್ನಿಸಬೇಕೆಂಬ ಆ ಪದವನ್ನು ಓದುಗರು ಗಮನಿಸಬೇಕು. ಅವಧಿ ಮೀರಿ ನಡೆಯುವ ಪ್ರಕರಣಗಳು ವಿರಳವೇನಲ್ಲ. ಆದುದರಿಂದಲೇ ನೋಟೀಸಿನ ಹಂತದಲ್ಲಿ ಮುಗಿಸಿಕೊಳ್ಳುವುದು ಲೇಸು.

ದೂರು ಗೆಲ್ಲುವುದು ಸಾಕ್ಷ್ಯದಿಂದ. ಪೆಟ್ಟಿಗೆ ಬಿಚ್ಚುವಾಗಲೇ ಮೊಬೈಲಿನಲ್ಲಿ ಚಿತ್ರೀಕರಿಸಿರಿ. ಪೆಟ್ಟಿಗೆಯ ಮೇಲಿನ ಚೀಟಿಯನ್ನೂ ಪುಸ್ತಿಕೆಯನ್ನೂ ಎಸೆಯಬೇಡಿರಿ. ತಿರುಪುಗಳನ್ನು ಪುಸ್ತಿಕೆಯ ಪಟ್ಟಿಯೊಡನೆ ಎಣಿಸಿ ನೋಡಿದ ಮೇಲೆಯೇ ಜೋಡಣೆಗೆ ಕೈಹಾಕಿರಿ. ಎಲ್ಲಕ್ಕಿಂತ ಮುಖ್ಯವಾಗಿ, ದೂರು ಇತ್ಯರ್ಥವಾಗುವವರೆಗೆ ಪರಿಚಯದ ಬಡಿಗನನ್ನು ಕರೆದು ಕೊರೆಸಬೇಡಿರಿ. ನೀವು ಕೈಯಾಡಿಸಿದ ಮೇಲೆ ದೋಷ ಮೊದಲೇ ಇತ್ತೆಂದು ತೋರಿಸುವುದು ಕಷ್ಟ. ಎಡದ ಹಲಗೆಯನ್ನು ಬಲಕ್ಕೆ ಕೂಡಿಸಿ ಕಂಪನಿಯನ್ನು ದೂರುವವರನ್ನೂ ನಾನು ಕಂಡಿದ್ದೇನೆ. ಅದು ದೋಷವಲ್ಲ, ಪುಸ್ತಿಕೆ ಓದುವ ಸೋಮಾರಿತನ.

ಇಷ್ಟರವರೆಗೆ ಹೇಳಿದುದು ಹಣದ ಮಾತು. ಪ್ರಾಣದ ಮಾತೊಂದು ಉಳಿದಿದೆ. ಅಮೆರಿಕೆಯಲ್ಲಿ ಡ್ರಾಯರುಗಳುಳ್ಳ ಎತ್ತರದ ಕಪಾಟುಗಳು ಉರುಳಿಬಿದ್ದು ಪುಟ್ಟ ಮಕ್ಕಳು ಅಸುನೀಗಿದ ಮೇಲೆ, 2016ರ ಜೂನ್ ತಿಂಗಳಲ್ಲಿ ಐಕಿಯಾ ಸಂಸ್ಥೆ ಆ ದೇಶದಲ್ಲಿ ತಾನು ಮಾರಿದ್ದ ಸುಮಾರು 2 ಕೋಟಿ 90 ಲಕ್ಷ ಕಪಾಟುಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಅದಕ್ಕೆ ಮುಂಚಿನ ವರ್ಷವೇ ಗೋಡೆಗೆ ಬಿಗಿಯುವ ಪಟ್ಟಿಗಳನ್ನು ಪುಕ್ಕಟೆಯಾಗಿ ಹಂಚಲಾಗಿತ್ತು, ಅಷ್ಟು ಸಾಲಲಿಲ್ಲ. 2022ರಲ್ಲಿ ಅಮೆರಿಕೆಯ ಸಂಸತ್ತು ಬಟ್ಟೆಯ ಕಪಾಟುಗಳ ಸ್ಥಿರತೆಗಾಗಿಯೇ ಪ್ರತ್ಯೇಕ ಕಾನೂನು ಮಾಡಿತು. ಮಗು ಡ್ರಾಯರುಗಳನ್ನು ಒಂದೊಂದಾಗಿ ಎಳೆದು ಮೆಟ್ಟಿಲಂತೆ ಹತ್ತುತ್ತದೆ. ಭಾರವೆಲ್ಲ ಮುಂದಕ್ಕೆ ಬಂದು ಕಪಾಟು ಅದರ ಮೇಲೆಯೇ ಮಗುಚುತ್ತದೆ. ನಮ್ಮ 2019ರ ಕಾಯಿದೆಯಲ್ಲಿಯೂ ಉತ್ಪನ್ನ ಹೊಣೆಗಾರಿಕೆ ಎಂಬ ಅಧ್ಯಾಯವಿದೆ. ವಿನ್ಯಾಸದ ದೋಷದಿಂದಾಗಲಿ, ಸರಿಯಾದ ಬಳಕೆಯ ಸೂಚನೆಯನ್ನೂ ಎಚ್ಚರಿಕೆಯನ್ನೂ ಕೊಡದುದರಿಂದಾಗಲಿ ಹಾನಿಯಾದರೆ ತಯಾರಕನು ಉತ್ತರ ಕೊಡಬೇಕಾಗುತ್ತದೆ.

ಪೊಟ್ಟಣದಲ್ಲಿ ಬರುವ ಗೋಡೆಪಟ್ಟಿಯನ್ನು ಹೆಚ್ಚುವರಿ ಸಾಮಾನೆಂದು ಡಬ್ಬಿಗೆ ಹಾಕಿಡುವ ಮನೆಗಳೇ ಹೆಚ್ಚು. ಬಾಡಿಗೆಯ ಮನೆಯ ಮಾಲೀಕರು ಗೋಡೆಗೆ ತೂತು ಬೇಡವೆನ್ನುವುದೂ ಉಂಟು. ಮೊಮ್ಮಕ್ಕಳಿರುವ ಮನೆಯಾದರೆ ಅವರೊಡನೆ ಮಾತನಾಡಿ ಒಪ್ಪಿಸಿ, ಎರಡು ತೂತಿನ ಗಾರೆಯ ಖರ್ಚನ್ನು ಮನೆ ಬಿಡುವಾಗ ಕೊಡುವೆವೆಂದು ಹೇಳಿರಿ. ಪಟ್ಟಿ ಬಂದಿರದಿದ್ದರೆ ಮೊದಲ ಪತ್ರದಲ್ಲಿಯೇ ಅದನ್ನು ಕೇಳಿರಿ. ಅದು ಬರುವವರೆಗೆ ಭಾರದ ವಸ್ತುಗಳನ್ನು ಕೆಳಗಿನ ಡ್ರಾಯರುಗಳಲ್ಲಿಟ್ಟು, ಕಪಾಟಿನ ನೆತ್ತಿಯ ಮೇಲಿರುವ ಟಿವಿಯನ್ನು ಇಂದೇ ಕೆಳಗಿಳಿಸಿರಿ.