ರೊಟ್ಟಿ ತಟ್ಟುವ ಕೈಗಳು



ಬಳ್ಳಾರಿಯಿಂದ ಚಳ್ಳಕೆರೆಯತ್ತ ಸಾಗುವ ಹೆದ್ದಾರಿಯಲ್ಲಿ ರಾಂಪುರ ಬಂದಿತೆಂದರೆ ಹಸಿದವರ ಕಣ್ಣು ತಾನಾಗಿಯೇ ಊಟದ ಮನೆಯನ್ನು ಅರಸುತ್ತದೆ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿಪುಡಿ, ಕಡಿದುಕೊಳ್ಳಲು ಹಸಿಮೆಣಸಿನಕಾಯಿ, ಇಷ್ಟಿದ್ದರೆ ನಮಗೆ ಮೃಷ್ಟಾನ್ನವೇ ಸರಿ. ಇದು ನಮ್ಮ ಪರಂಪರೆಯ ಊಟವೆಂದು ನಾವು ಹೆಮ್ಮೆಪಡುತ್ತೇವೆ. ಪೇಟೆ ಸೇರಿದ ಮಕ್ಕಳು ಮೆಕ್ಸಿಕೋ ದೇಶದ ತಿನಿಸನ್ನು ಹೊಗಳಿದರೆ ಮುಖ ಸಿಂಡರಿಸುತ್ತೇವೆ.

ಆದರೆ ನಮ್ಮ ತಟ್ಟೆಯನ್ನೇ ಒಮ್ಮೆ ನೋಡೋಣ. ಮೆಣಸಿನಕಾಯಿಯ ತವರು ಮೆಕ್ಸಿಕೋ ಸೀಮೆ. 16ನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗನ್ನೇರಿ ಅದು ನಮ್ಮ ಪಶ್ಚಿಮ ಕರಾವಳಿಗೆ ಬಂದಿತು. ಅದಕ್ಕೆ ಮೊದಲು ಖಾರಕ್ಕೆ ಒದಗುತ್ತಿದ್ದುದು ಮೆಣಸು. ಆ ಹೆಸರೇ ಹೊಸ ಕಾಯಿಗೂ ಅಂಟಿಕೊಂಡಿತು. ಟೊಮೆಟೊ ಎಂಬ ಹೆಸರಿನ ಮೂಲವೂ ಅಲ್ಲಿಯ ನಹುವಾಟ್ಲ್ ಭಾಷೆಯೇ. ಚಳ್ಳಕೆರೆಯ ಎಣ್ಣೆಗಿರಣಿಗಳಿಗೆ ಜೀವಾಳವಾದ ಶೇಂಗಾ ದಕ್ಷಿಣ ಅಮೆರಿಕೆಯದು. 12ನೆಯ ಶತಮಾನದ ಕಲ್ಯಾಣದಲ್ಲಿ ದಾಸೋಹಕ್ಕೆ ಕುಳಿತವರು ಇವುಗಳಲ್ಲಿ ಒಂದನ್ನೂ ಕಂಡವರಲ್ಲ.

ಮೆಕ್ಸಿಕೋದ ಗೃಹಿಣಿಯ ಅಡುಗೆಯೂ ನಮಗೆ ದೂರದ್ದೇನಲ್ಲ. ಆಕೆ ಮುಸುಕಿನಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಹಾಕಿ, ತೊಳೆದು, ಕಲ್ಲಿನ ಮೇಲೆ ಅರೆಯುತ್ತಾಳೆ. ಆ ಹಿಟ್ಟನ್ನು ಅಂಗೈಯಲ್ಲಿ ತಟ್ಟಿ ಮಣ್ಣಿನ ಹಂಚಿನ ಮೇಲೆ ಬೇಯಿಸಿದರೆ ಅದೇ ಟೋರ್ಟಿಯಾ. ಜೊತೆಗೆ ಬೇಯಿಸಿದ ಕಾಳು, ಮೆಣಸಿನಕಾಯಿಯ ಚಟ್ನಿ. ಸುಣ್ಣದಿಂದಾಗಿ ಕಾಳಿನಲ್ಲಿ ಅಡಗಿರುವ ನಯಾಸಿನ್ ಎಂಬ ಜೀವಸತ್ವವು ದೇಹಕ್ಕೆ ದಕ್ಕುತ್ತದೆ. ಯುರೋಪಿನವರು ಮುಸುಕಿನಜೋಳವನ್ನು ಒಯ್ದರು, ಸುಣ್ಣದ ವಿಧಾನವನ್ನು ಒಯ್ಯಲಿಲ್ಲ. ಅದನ್ನೇ ನಂಬಿ ಬದುಕಿದ ಇಟಲಿ, ಸ್ಪೇನ್ ದೇಶಗಳ ಬಡವರು ಪೆಲಾಗ್ರ ರೋಗಕ್ಕೆ ತುತ್ತಾದರು. ಬೀಜ ಹಡಗಿನಲ್ಲಿ ಹೋಗಬಲ್ಲದು. ಅಡುಗೆಯ ಅರಿವನ್ನು ಮಾತ್ರ ಒಬ್ಬರು ಮತ್ತೊಬ್ಬರಿಗೆ ಕಲಿಸಲೇಬೇಕು. 2010ರಲ್ಲಿ ಯುನೆಸ್ಕೋ ಸಂಸ್ಥೆಯು ಮೆಕ್ಸಿಕೋದ ಸಾಂಪ್ರದಾಯಿಕ ಅಡುಗೆಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಮನ್ನಣೆ ಪಡೆದುದು ಈ ಅರಿವೇ.

ನಮ್ಮ ಮನೆಗಳಲ್ಲಿ ಆ ಅರಿವು ಯಾರ ಕೈಯಲ್ಲಿದೆ? ಬಹಳಷ್ಟು ಕಡೆ ಅಜ್ಜಿಯ ಕೈಯಲ್ಲಿ ಮಾತ್ರ. ಹಿಟ್ಟಿಗೆ ಎಸರು ಎಷ್ಟು, ನಾದುವ ಹದ ಯಾವುದು, ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುವುದು ಯಾವಾಗ ಎಂಬುದನ್ನು ಪುಸ್ತಕ ಓದಿ ಕಲಿಯಲಾಗದು. ಹೆಣ್ಣುಮಕ್ಕಳು ಓದಿ ಉದ್ಯೋಗಕ್ಕೆ ಹೋಗುತ್ತಿರುವುದು ಸಂತೋಷದ ಸಂಗತಿ. ಈ ಹೊರೆಯನ್ನು ಮರಳಿ ಅವರೊಬ್ಬರ ತಲೆಗೇ ಹೊರಿಸುವುದು ನ್ಯಾಯವಲ್ಲ. ಕಾಯಕದಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲವೆಂದು ನಂಬಿದ ನಾವು ಗಂಡುಮಕ್ಕಳನ್ನೂ ಅಜ್ಜಿಯ ಪಕ್ಕದಲ್ಲಿ ಕೂರಿಸಿ ರೊಟ್ಟಿ ತಟ್ಟಲು ಕಲಿಸಬೇಕು.

ಒಲೆಯ ಝಳದಲ್ಲಿ ಕುಳಿತು ದಿನವಿಡೀ ರೊಟ್ಟಿ ಬಡಿಯುವ ಖಾನಾವಳಿಯ ತಾಯಂದಿರನ್ನೂ ನೆನೆಯೋಣ. ಅಲ್ಲಿ ಎರಡು ರೂಪಾಯಿಗೆ ಚೌಕಾಸಿ ಮಾಡುವುದು ಬೇಡ. ತಟ್ಟೆಯಲ್ಲಿ ತುಣುಕು ರೊಟ್ಟಿಯನ್ನೂ ಬಿಡುವುದು ಬೇಡ. ಮಕ್ಕಳು ಟೋರ್ಟಿಯಾ ತಿಂದು ಬಂದರೆ ಗದರಿಸದೆ, ಅದು ನಮ್ಮ ರೊಟ್ಟಿಯ ದೂರದ ನೆಂಟನೆಂದು ತಿಳಿಹೇಳೋಣ. ಬಳಿಕ ಹಿಟ್ಟಿನ ಪರಾತವನ್ನು ಅವರ ಮುಂದಿಡೋಣ.