ಕರುವಿನ ಪಾಲು

ಬೆಂಗಳೂರಿನ ದಂಡು ಪ್ರದೇಶವು 1809ರಲ್ಲಿ ಬ್ರಿಟಿಷ್ ಸೈನ್ಯದ ಬೀಡಾಗಿ ರೂಪುಗೊಂಡಿತು. ಸೈನ್ಯಕ್ಕೆ ಕುದುರೆ, ಎತ್ತು, ಹಾಲು, ಮಾಂಸ, ತೊಗಲು ಎಲ್ಲವೂ ಬೇಕಾಗಿದ್ದವು. ಅವುಗಳನ್ನು ಒದಗಿಸುವವರ ಕೇರಿಗಳು ಅದರ ಸುತ್ತಲೂ ಬೆಳೆದವು. ಚರ್ಮ ಹದಮಾಡುವ ಕಸುಬಿನ ನೆನಪು ಟ್ಯಾನರಿ ರಸ್ತೆಯೆಂಬ ಹೆಸರಿನಲ್ಲಿ ಇಂದಿಗೂ ಜನರ ಬಾಯಲ್ಲಿ ಉಳಿದಿದೆ. 1933ರಲ್ಲಿ ಉದ್ಘಾಟನೆಗೊಂಡ ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ಹೂವು ಹಣ್ಣುಗಳ ಅಂಗಡಿಗಳಿಗೆ ಅನತಿದೂರದಲ್ಲಿಯೇ ಮೀನು ಮಾಂಸಗಳ ಅಂಗಡಿಗಳಿವೆ.

ಈ ಮಾರುಕಟ್ಟೆಗೆ ಬರುವ ಸದ್ಗೃಹಸ್ಥನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಅವನು ಹೂವು ಹಣ್ಣುಗಳನ್ನು ಕೊಳ್ಳುತ್ತಾನೆ; ಮಾಂಸದ ಅಂಗಡಿಗಳ ಸಾಲು ಎದುರಾದೊಡನೆ ಮೂಗು ಮುಚ್ಚಿ, ಮುಖ ತಿರುಗಿಸಿ ನಡೆಯುತ್ತಾನೆ. ಅಲ್ಲಿನ ಹಿಂಸೆ ತನ್ನನ್ನು ಸೋಂಕಿಲ್ಲವೆಂಬ ಸಮಾಧಾನ ಅವನದು. ಆದರೆ ಅವನ ಕಾಲಲ್ಲಿರುವುದು ತೊಗಲಿನ ಚಪ್ಪಲಿ. ಹೆಗಲ ಮೇಲಿರುವುದು ರೇಷ್ಮೆಯ ಶಲ್ಯ. ಚೀಲದಲ್ಲಿರುವುದು ಹಾಲಿನ ಪೇಡ. ಹಿಂಸೆಯಿಂದ ಅವನು ನಿಜಕ್ಕೂ ಎಷ್ಟು ದೂರದಲ್ಲಿದ್ದಾನೆ?

ಈ ಪ್ರಶ್ನೆಗೆ ತಮ್ಮ ಬದುಕಿನಿಂದಲೇ ಉತ್ತರ ಕೊಡಲೆಳಸುವವರನ್ನು ವೀಗನರು ಎಂದು ಕರೆಯುತ್ತಾರೆ. ಇಂಗ್ಲೆಂಡಿನಲ್ಲಿ ಮರಗೆಲಸದ ಉಪಾಧ್ಯಾಯರಾಗಿದ್ದ ಡೊನಾಲ್ಡ್ ವಾಟ್ಸನ್ ಮತ್ತು ಅವರ ಮಿತ್ರರು 1944ರಲ್ಲಿ ವೀಗನ್ ಎಂಬ ಹೆಸರಿನಲ್ಲಿ ಒಂದು ಸಂಘವನ್ನು ಕಟ್ಟಿದರು. ಮಾಂಸವನ್ನಷ್ಟೇ ಅಲ್ಲ, ಹಾಲು, ಮೊಟ್ಟೆ, ಜೇನು, ತೊಗಲು, ರೇಷ್ಮೆ, ಉಣ್ಣೆಗಳನ್ನೂ ಅವರ ಮಾರ್ಗದವರು ತ್ಯಜಿಸುತ್ತಾರೆ. ಪ್ರಾಣಿಯು ಮಾನವನ ಉಪಯೋಗಕ್ಕೆಂದು ಹುಟ್ಟಿದ ವಸ್ತುವಲ್ಲ, ಅದಕ್ಕೆ ಅದರದೇ ಆದ ಬಾಳು ಇದೆ ಎಂಬುದು ಅವರ ನಿಲುವು.

ಈ ನಿಲುವು ಅತಿರೇಕವೆಂದು ತೋರಬಹುದು. ಆದರೆ ವಾಸ್ತವವನ್ನು ಕಣ್ತೆರೆದು ನೋಡಬೇಕು. ರೇಷ್ಮೆಯ ಗೂಡಿನಲ್ಲಿ ನೂರಾರು ಮೀಟರು ಉದ್ದದ ಒಂದೇ ಎಳೆಯಿರುತ್ತದೆ. ಚಿಟ್ಟೆ ಗೂಡನ್ನು ಸೀಳಿ ಹೊರಬಂದರೆ ಆ ಎಳೆ ತುಂಡಾಗುತ್ತದೆ. ಆದುದರಿಂದ ಒಳಗಿನ ಜೀವ ರೆಕ್ಕೆ ಬಿಚ್ಚುವ ಮೊದಲೇ ಗೂಡನ್ನು ಬಿಸಿಗೆ ಒಡ್ಡಿ ಅದನ್ನು ಕೊಲ್ಲಲಾಗುತ್ತದೆ. ಹಾಲಿನ ವಿಷಯವೂ ಸರಳವಲ್ಲ. ಹಸು ಹಾಲು ಕೊಡುವುದು ಕರು ಹಾಕಿದ ಮೇಲೆಯೇ. ಆ ಹಾಲು ಉಂಟಾಗುವುದು ಕರುವಿಗಾಗಿಯೇ. ಉಳುಮೆಗೆ ಟ್ರ್ಯಾಕ್ಟರು ಬಂದ ಮೇಲೆ ಗಂಡುಕರುವಿಗೆ ಕೆಲಸವಿಲ್ಲದಾಗಿದೆ. ಅದೂ ಹಾಲು ಬತ್ತಿದ ಮುದಿಹಸುವೂ ಸಾಕುವವನಿಗೆ ಭಾರವಾಗುತ್ತವೆ. ಮಾರಾಟವಾಗುತ್ತವೆ, ಇಲ್ಲವೇ ಬೀದಿಯ ಪಾಲಾಗುತ್ತವೆ.

ಈ ವಿಚಾರ ಕನ್ನಡಿಗರಿಗೆ ತೀರ ಹೊಸದೇನೂ ಅಲ್ಲ. ಪುಣ್ಯಕೋಟಿಯ ಕಥೆಯನ್ನು ಕೇಳಿ ಕಣ್ಣು ಒದ್ದೆಮಾಡಿಕೊಳ್ಳದ ಮಗುವಿಲ್ಲ. ಹುಲಿಯ ಮುಂದೆ ನಿಂತ ಆ ಹಸು ತನ್ನ ಪ್ರಾಣವನ್ನು ಬೇಡಲಿಲ್ಲ; ಕರುವಿಗೆ ಹಾಲೂಡಿಸಿ ಬರಲು ಅವಕಾಶವನ್ನು ಬೇಡಿತು. ಹುಲಿಗೂ ಅರ್ಥವಾದ ಆ ಬೇಡಿಕೆ ಕಥೆ ಕೇಳಿದವರಿಗೆ ಎಷ್ಟು ಅರ್ಥವಾಗಿದೆ? 1209ರಲ್ಲಿ ರಚಿತವಾದ ಜನ್ನನ ‘ಯಶೋಧರ ಚರಿತೆ’ಯು ಇನ್ನೂ ಸೂಕ್ಷ್ಮವಾದ ಸತ್ಯವನ್ನು ಕಾಣಿಸುತ್ತದೆ. ಯಶೋಧರನು ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಆ ಸಂಕಲ್ಪಹಿಂಸೆಯ ಫಲವಾಗಿ ಅವನು ಜನ್ಮಜನ್ಮಗಳಲ್ಲಿ ಪ್ರಾಣಿಯಾಗಿ ಹುಟ್ಟಿ ನೋಯಬೇಕಾಯಿತು. ಸಂಕಲ್ಪಕ್ಕೇ ಅಷ್ಟು ಹೊಣೆಯಿದ್ದರೆ, ‘ಕೊಂದದ್ದು ನನ್ನ ಕೈಯಲ್ಲ’ ಎಂದು ಕೊಳ್ಳುವವನು ಪಾರಾಗುವುದು ಹೇಗೆ?

ಇದಕ್ಕೆ ಆಕ್ಷೇಪಗಳೂ ಉಂಟು, ಅವು ಹಗುರವಾದವುಗಳಲ್ಲ. ಕರ್ನಾಟಕದಲ್ಲಿ 1974ರಿಂದ ಬೆಳೆದು, 1984ರಲ್ಲಿ ಹಾಲು ಮಹಾಮಂಡಲವೆಂಬ ಹೆಸರು ಪಡೆದ ಸಹಕಾರಿ ವ್ಯವಸ್ಥೆಯು ಲಕ್ಷಾಂತರ ರೈತಕುಟುಂಬಗಳಿಗೆ ಆಸರೆಯಾಗಿದೆ. ಒಂದೆರಡು ಹಸುಗಳನ್ನು ಕಟ್ಟಿಕೊಂಡು ಮಕ್ಕಳನ್ನು ಓದಿಸುವ ತಾಯಿಗೆ ‘ಹಾಲು ಮಾರಬೇಡ’ ಎಂದು ಉಪದೇಶಿಸುವುದು ಸುಲಭ. ಬೇರೆ ದಾರಿ ತೋರುವುದು ಕಷ್ಟ. ಗಾಂಧೀಜಿಯವರ ಬಾಳಿನಲ್ಲಿ ಈ ಇಕ್ಕಟ್ಟು ಸ್ಪಷ್ಟವಾಗಿ ಕಾಣುತ್ತದೆ. ಅವರು ಹಾಲನ್ನು ತ್ಯಜಿಸುವ ವ್ರತ ತೊಟ್ಟಿದ್ದರು. ಕಠಿಣವಾದ ಕಾಯಿಲೆಯಲ್ಲಿ ಮೇಕೆಯ ಹಾಲನ್ನು ಸ್ವೀಕರಿಸಬೇಕಾಯಿತು. ಅದರಿಂದಾದ ಕೊರಗನ್ನು ಆತ್ಮಕಥೆಯಲ್ಲಿ ಅವರು ಮುಚ್ಚಿಡಲಿಲ್ಲ. ಅದೇ ಗಾಂಧೀಜಿಯವರು 1927ರಲ್ಲಿ ವಿಶ್ರಾಂತಿಗೆಂದು ಬೆಂಗಳೂರಿನಲ್ಲಿದ್ದಾಗ ಇಲ್ಲಿನ ಹೈನುಗಾರಿಕೆಯ ಸಂಸ್ಥೆಗೆ ಹೋಗಿ ದನಗಳ ಸಾಕಣೆಯನ್ನು ಶ್ರದ್ಧೆಯಿಂದ ತಿಳಿದುಕೊಂಡರು. ತಮ್ಮ ವ್ರತದಲ್ಲಿ ನಿಷ್ಠುರರಾಗಿದ್ದವರು ರೈತನ ಬದುಕನ್ನು ಮರೆಯಲಿಲ್ಲ.

ಆರೋಗ್ಯದ ಪ್ರಶ್ನೆಯೂ ಇದೆ. ರಾಗಿ, ಹುರುಳಿ, ಅವರೆ, ಕಡಲೆಕಾಯಿ, ಎಳ್ಳು, ಸೊಪ್ಪುಗಳು ದೇಹಕ್ಕೆ ಬೇಕಾದ ಬಹುಪಾಲನ್ನು ಒದಗಿಸಬಲ್ಲವು. ಆದರೆ ಬಿ-12 ಜೀವಸತ್ತ್ವವು ಅವುಗಳಿಂದ ದೊರೆಯದು, ಅದನ್ನು ಬೇರೆಯಾಗಿಯೇ ಪಡೆಯಬೇಕು. ಬೆಳೆಯುವ ಮಕ್ಕಳು ವೈದ್ಯರ ಸಲಹೆಯಿಲ್ಲದೆ ಆಹಾರವನ್ನು ಬದಲಿಸುವುದು ವಿವೇಕವಲ್ಲ. ಇಂದಿರಾನಗರದ ಅಂಗಡಿಗಳಲ್ಲಿ ಮಾರುವ ಬಾದಾಮಿಯ ಹಾಲನ್ನು ಬಡವರ ಮನೆಗಳಿಂದ ನಿರೀಕ್ಷಿಸುವುದೂ ನ್ಯಾಯವಲ್ಲ. ಸಾಧ್ಯವಾದಷ್ಟು ಮಟ್ಟಿಗೆ ಎಂಬ ಮಾತನ್ನು ವೀಗನರ ಸಂಘವೇ ತನ್ನ ವ್ಯಾಖ್ಯೆಯಲ್ಲಿ ಸೇರಿಸಿಕೊಂಡಿದೆ.

ಆದರೆ ಎಲ್ಲವೂ ಅಸಾಧ್ಯವಲ್ಲ. ಒಂದು ಕಾಲದಲ್ಲಿ ಜಟಕಾಗಾಡಿಯಿಲ್ಲದ ದಂಡನ್ನು ಯಾರೂ ಊಹಿಸಲಾರರಾಗಿದ್ದರು. 2011ರಲ್ಲಿ ಹಲಸೂರು, ಇಂದಿರಾನಗರಗಳಿಗೂ 2023ರಲ್ಲಿ ಕೆ.ಆರ್. ಪುರಕ್ಕೂ ಮೆಟ್ರೊ ರೈಲು ಬಂದಿತು. ಕುದುರೆಯ ಬೆನ್ನಿನ ಮೇಲೆ ಚಾಟಿ ಬೀಸದೆಯೂ ಜನರ ಸಂಚಾರ ನಿಲ್ಲಲಿಲ್ಲ. ಕುದುರೆಯನ್ನು ನೊಗದಿಂದ ಬಿಡಿಸಿದ್ದು ಯಂತ್ರ. ಉಳಿದ ಪ್ರಾಣಿಗಳನ್ನು ಬಿಡಿಸಬೇಕಾದದ್ದು ಮನುಷ್ಯನ ಮನಸ್ಸು. ಬೇಡವಾದ ರೇಷ್ಮೆಯೊಂದನ್ನು, ತೊಗಲಿನ ಚೀಲವೊಂದನ್ನು ಬಿಡುವುದರಿಂದ ಆ ಕೆಲಸ ಆರಂಭವಾಗಬಲ್ಲದು.

ಹೀಗೆ ಬಿಟ್ಟವನಲ್ಲಿ ಇನ್ನೊಂದು ಎಚ್ಚರವೂ ಇರಬೇಕು. ತಾನು ತ್ಯಜಿಸಿದ್ದನ್ನು ಉಣ್ಣುವವರನ್ನು ಕೀಳಾಗಿ ಕಂಡರೆ ಅವನ ಅಹಿಂಸೆ ಅಹಂಕಾರವಾಗುತ್ತದೆ. ತಟ್ಟೆಯಲ್ಲಿರುವುದನ್ನು ನೋಡಿ ಮನುಷ್ಯರನ್ನು ಮೇಲು ಕೀಳೆಂದು ವಿಂಗಡಿಸಿದ ಪಾಪ ಈ ನಾಡಿಗೆ ಹೊಸದಲ್ಲ. ಮಾಂಸದ ಅಂಗಡಿಯವನು, ಚಮ್ಮಾರನು, ಹಾಲು ಕರೆಯುವವಳು ಎಲ್ಲರೂ ದುಡಿದು ಉಣ್ಣುವವರು. ಇತರರು ಬೇಡಿದ್ದನ್ನೇ ಅವರು ಒದಗಿಸುತ್ತಾರೆ. ಪ್ರಾಣಿಯ ಬಗೆಗಿನ ಕರುಣೆ ನೆರೆಯವನನ್ನು ಹಳಿಯುವ ಕೋಲಾಗಬಾರದು. ತನ್ನನ್ನು ತಾನು ನೋಡಿಕೊಳ್ಳುವ ಕನ್ನಡಿಯಾಗಬೇಕು.

ಮಾರುಕಟ್ಟೆಯಲ್ಲಿ ಮೂಗು ಮುಚ್ಚಿ ನಡೆದ ಸದ್ಗೃಹಸ್ಥನು ಒಮ್ಮೆ ತನ್ನ ಚೀಲದೊಳಗೂ ಇಣುಕಿ ನೋಡಲಿ. ಕರುವಿನ ಪಾಲು ಎಷ್ಟು, ತನ್ನ ಪಾಲು ಎಷ್ಟು ಎಂದು ಅವನು ಕೇಳಿಕೊಂಡ ದಿನ ಪುಣ್ಯಕೋಟಿಯ ಕಥೆ ಅವನಿಗೆ ನಿಜವಾಗಿ ಅರ್ಥವಾದೀತು.