ಹಣೆಯ ಕುಂಕುಮವೂ ಕಣ್ಣಿನ ಕಾಡಿಗೆಯೂ

ಕುಂಕುಮವೆಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಮೂಲಾರ್ಥವು ಕೇಸರಿ. ಕಾಶ್ಮೀರದಲ್ಲಿ ಬೆಳೆಯುವ ಆ ಹೂವಿನ ಎಳೆಗಳಿಗೆ ಸಲ್ಲುತ್ತಿದ್ದ ಹೆಸರು ಕಾಲಕ್ರಮದಲ್ಲಿ ಅರಿಸಿನದಿಂದ ಮಾಡಿದ ಕೆಂಪು ಪುಡಿಗೂ ಬಂದಿತು. ಈಗಲಾದರೋ ಅರಿಸಿನದ ಸೋಂಕೇ ಇಲ್ಲದ ಪುಡಿಯೂ ಅಂಗಡಿಯಲ್ಲಿ ಕುಂಕುಮವೆಂದೇ ಮಾರಾಟವಾಗುವುದುಂಟು. ಹೆಸರು ನಿಂತಿತು, ದ್ರವ್ಯವು ಬದಲಾಯಿತು. ಗೃಹಸ್ಥರು ವಿಚಾರಮಾಡಬೇಕಾದ ಮಾತು ಇದು.

ಅರಿಸಿನದ ಕೊಂಬನ್ನು ಬಿಳಿಗಾರದೊಡನೆ ನಿಂಬೆಯ ರಸದಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಿ, ಕುಟ್ಟಿ, ವಸ್ತ್ರಗಾಳಿತ ಮಾಡುವುದು ಹಳೆಯ ಕ್ರಮ. ಬಿಳಿಗಾರವೂ ಹುಳಿಯೂ ಕೂಡಿ ಅರಿಸಿನದ ಹಳದಿಯನ್ನು ಕೆಂಪಾಗಿಸುವುವು. ಹೊರಗಿನ ಬಣ್ಣವೇನೂ ಬೇಕಾಗದು. ಆದರೆ ಇದಕ್ಕೆ ಹಲವು ದಿನಗಳ ದುಡಿಮೆ ಬೇಕು. ಹಿಟ್ಟಿಗೋ ಕಲ್ಲಿನ ಪುಡಿಗೋ ಕೃತಕ ಬಣ್ಣ ಬೆರೆಸುವುದು ಒಂದು ಗಳಿಗೆಯ ಕೆಲಸ. ಹೀಗೆ ಬೆರೆಸುವ ಬಣ್ಣಗಳಲ್ಲಿ ರೋಡಮಿನ್-ಬಿ ಎಂಬುದೊಂದು. 2024ರ ಮಾರ್ಚಿ ತಿಂಗಳಲ್ಲಿ ಕರ್ನಾಟಕ ಸರ್ಕಾರವು ಮಕ್ಕಳು ತಿನ್ನುವ ಬೊಂಬಾಯಿ ಮಿಠಾಯಿಯಲ್ಲಿ ನಿಷೇಧಿಸಿದ್ದು ಇದೇ ಬಣ್ಣವನ್ನು. ಜೀನ್ಸ್ ಉಡುಪಿಗೆ ಹೆಸರಾದ ಬಳ್ಳಾರಿಯವರಿಗೆ ಬಣ್ಣದ ಮಾತು ಹೊಸದಲ್ಲ. ಬಟ್ಟೆಯ ಮೇಲೆ ಗಟ್ಟಿಯಾಗಿ ನಿಲ್ಲುವ ಬಣ್ಣವೆಲ್ಲ ಹಣೆಗೆ ಯೋಗ್ಯವೆಂದು ಯಾರೂ ತಿಳಿಯಬಾರದು.

ಇದಕ್ಕಿಂತ ಘೋರವಾದುದು ಸೀಸ. ಸಿಂದೂರವೆಂದು ರಸಶಾಸ್ತ್ರವು ಹೇಳುವ ಕೆಂಪು ಪುಡಿ ಸೀಸದಿಂದಾದುದು. ಇಂಗಳೀಕವು ಪಾದರಸದ ಅದಿರು. ಅಮೆರಿಕದ ಸಂಶೋಧಕರು ಅಲ್ಲಿಯೂ ಭಾರತದಲ್ಲಿಯೂ ಕೊಂಡ 118 ಸಿಂದೂರದ ಮಾದರಿಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ವರದಿಯಂತೆ, ನೂರಕ್ಕೆ ಸುಮಾರು 80ರಲ್ಲಿ ಸೀಸವು ಕಂಡುಬಂದಿತು. ಬೈತಲೆಯ ಪುಡಿ ತಾಯಿಯ ಬೆರಳಿಗೆ, ಬೆರಳಿನಿಂದ ಕೂಸಿನ ತುತ್ತಿಗೆ ಹೋಗುವುದು ಎಷ್ಟು ಹೊತ್ತಿನ ಮಾತು? ಮಕ್ಕಳ ಮಟ್ಟಿಗೆ ಸೀಸದ ಇಷ್ಟು ಪ್ರಮಾಣವು ನಿರಪಾಯವೆಂಬ ಎಲ್ಲೆಯೇ ಇಲ್ಲವೆಂದು ವೈದ್ಯರು ಹೇಳುವರು. ಅದು ಮಿದುಳಿನ ಬೆಳವಣಿಗೆಯನ್ನು ಕುಂದಿಸುವುದು. ಪಾಠ ಹತ್ತದ ಮಗುವನ್ನು ದಡ್ಡನೆಂದು ಗದರಿಸುವ ಮೊದಲು ಹಿರಿಯರು ಇದನ್ನು ನೆನೆಯುವುದು ಒಳಿತು.

ಕಾಡಿಗೆಯ ವಿಷಯವೂ ಹೀಗೆಯೇ. ಹರಳೆಣ್ಣೆಯ ದೀಪದ ಮಸಿಯನ್ನು ತುಪ್ಪದಲ್ಲಿ ಕಲಸಿದ್ದು ಒಂದು. ಸುರ್ಮವೆಂಬ ಹೆಸರಿನಲ್ಲಿ ದೊರೆಯುವ ಕರಿಯ ಖನಿಜದ ಪುಡಿ ಮತ್ತೊಂದು. ಎರಡನೆಯದರಲ್ಲಿ ಸೀಸದ ಅದಿರು ಇರುವುದು ಅನೇಕ ಪರೀಕ್ಷೆಗಳಲ್ಲಿ ಸಿದ್ಧವಾಗಿದೆ. ಮನೆಯ ಕಾಡಿಗೆಯಾದರೂ ಎಳೆಗೂಸಿನ ಕಣ್ಣೊಳಗೆ ಬೇಡ. ಉಗುರಿನ ಕೊಳೆಯಿಂದ ಕಣ್ಣು ಕೆಡುವುದುಂಟು. ದೃಷ್ಟಿಯ ಭಯವಿದ್ದವರು ಮನೆಯ ಮಸಿಯ ಬೊಟ್ಟನ್ನು ಕಿವಿಯ ಹಿಂದೆ ಇಟ್ಟರೆ ಸಾಕು.

ಅಂಟಿಸುವ ಸ್ಟಿಕರ್ ಬೊಟ್ಟಿನಲ್ಲಿ ದೋಷವು ಬಣ್ಣದಲ್ಲಿಲ್ಲ, ಅಂಟಿನಲ್ಲಿದೆ. ಕೆಲವು ಅಂಟುಗಳಲ್ಲಿ ಬೆರೆತಿರುವ ಪ್ಯಾರಾ-ಟರ್ಷಿಯರಿ-ಬ್ಯುಟೈಲ್ ಫೀನಾಲ್ ಎಂಬ ರಾಸಾಯನಿಕವು ಚರ್ಮಕ್ಕೆ ಬಣ್ಣ ಕೊಡುವ ಕಣಗಳನ್ನು ಕೊಲ್ಲುವುದು. ಬೊಟ್ಟಿನ ಜಾಗದಲ್ಲಿ ಮೊದಲು ತುರಿಕೆ, ಅನಂತರ ಬಿಳಿಯ ಕಲೆ. ಬೇಸಗೆಯಲ್ಲಿ ಬಿಸಿಲು 40 ಡಿಗ್ರಿಯನ್ನು ಮೀರುವ ನಮ್ಮ ಸೀಮೆಯಲ್ಲಿ ಬೆವರು ಈ ಉಪದ್ರವಕ್ಕೆ ಸಹಾಯಕವಾಗುವುದು. ನೋಡಿದವರು ತೊನ್ನೆಂದು ಆಡಿಕೊಳ್ಳುವರು. ಹೆಣ್ಣುಮಗಳ ಸಂಬಂಧವೇ ಮುರಿದುಬೀಳುವ ಪ್ರಸಂಗವೂ ಒದಗಬಹುದು. ತೊನ್ನಾದರೂ ಅಂಟುರೋಗವಲ್ಲ; ಇದಂತೂ ಅಂಟಿನ ಫಲ. ಬೊಟ್ಟನ್ನು ಕೂಡಲೇ ಬಿಟ್ಟು ಚರ್ಮವೈದ್ಯರನ್ನು ಕಂಡರೆ ಎಷ್ಟೋ ಮಂದಿಗೆ ಬಣ್ಣ ಮರಳುವುದು. ತಡಮಾಡಿದರೆ ಕಲೆ ಉಳಿದೇಬಿಡಬಹುದು.

ಮುಖವನ್ನು ಬೆಳ್ಳಗೆ ಮಾಡುವೆವೆನ್ನುವ ಲೇಪಗಳ ಬಗೆಗೆ ಒಂದೇ ಮಾತು. ಹೆಸರು ವಿಳಾಸಗಳಿಲ್ಲದೆ ಬರುವ ಇಂಥವುಗಳಲ್ಲಿ ಹಲವಕ್ಕೆ ಪಾದರಸವೇ ಜೀವಾಳ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2023ರಲ್ಲಿ ಇವುಗಳನ್ನು ಬಳಸಿದ ಕೆಲವರ ಮೂತ್ರಪಿಂಡಗಳು ರೋಗಕ್ಕೆ ತುತ್ತಾದುದನ್ನು ವೈದ್ಯರು ಗುರುತಿಸಿದರು.

ಕಾಯಿದೆ ಇಲ್ಲವೆ ಎಂದರೆ, ಇದೆ. 1940ರ ಔಷಧ ಮತ್ತು ಸೌಂದರ್ಯಸಾಧನಗಳ ಅಧಿನಿಯಮ, ಅದರ ಕೆಳಗೆ 2020ರ ನಿಯಮಗಳು. ಇವುಗಳ ಪ್ರಕಾರ ಸೌಂದರ್ಯಸಾಧನಗಳ ಬಣ್ಣದಲ್ಲಿ ಸೀಸವು ಹತ್ತು ಲಕ್ಷ ಪಾಲಿಗೆ 20 ಪಾಲನ್ನು ಮೀರಬಾರದು. ಆದರೆ ಕೆಲವು ಕುಂಕುಮದ ಪೊಟ್ಟಣಗಳ ಮೇಲೆ ‘ಪೂಜೆಗೆ ಮಾತ್ರ’ ಎಂದು ಅಚ್ಚಾಗಿರುವುದನ್ನು ನೀವು ನೋಡಿರಬಹುದು. ಮೈಗೆ ಹಚ್ಚುವ ವಸ್ತುವೆಂಬ ಹೊಣೆಯನ್ನು ಮಾರುವವನು ಆ ಎರಡು ಶಬ್ದಗಳಿಂದ ಕಳಚಿಕೊಂಡಂತೆ. ದೇವರಿಗೆ ಏರಿಸಿದ ಕುಂಕುಮವನ್ನೇ ಪ್ರಸಾದವೆಂದು ಹಣೆಗೆ ಇಡುವ ನಮಗೆ ಈ ಭೇದವು ಎಲ್ಲಿಯದು? ಹಣೆಗೆ ಆಗದುದನ್ನು ದೇವರಿಗೂ ಕೊಳ್ಳದಿರುವುದೇ ಲೇಸು.

ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಗೆ ಹೋಗಿರಿ, ಸಿರುಗುಪ್ಪದ ಅಂಗಡಿಸಾಲಿಗೆ ಹೋಗಿರಿ, ಬಳ್ಳಾರಿಯಲ್ಲಿ ಕನಕದುರ್ಗಮ್ಮನ ದರ್ಶನಕ್ಕೆ ಹೋಗಿರಿ. ರಾಶಿಯಿಂದ ಅಳೆದು ಕೊಡುವ ಪುಡಿಯನ್ನು ಅದರ ಕೆಂಪನ್ನು ನೋಡಿ ಕೊಳ್ಳಬೇಡಿರಿ. ತಯಾರಿಸಿದವರ ಹೆಸರು, ವಿಳಾಸ, ಪರವಾನಗಿಯ ಸಂಖ್ಯೆ, ಬೆರೆಸಿದ ದ್ರವ್ಯಗಳ ಪಟ್ಟಿ ಇವು ಪೊಟ್ಟಣದ ಮೇಲೆ ಇರಬೇಕು. ಹೊಸತನ್ನು ಮೊದಲು ಮೊಣಕೈಯ ಒಳಮಗ್ಗುಲಲ್ಲಿ ಹಚ್ಚಿ ಎರಡು ದಿನ ನೋಡಿರಿ; ಇದರಿಂದ ತುರಿಕೆ ತಿಳಿಯುವುದೇ ಹೊರತು ಸೀಸ ತಿಳಿಯದು. ಮಕ್ಕಳಿಗೆ ಉಣಿಸುವ ಮುನ್ನ ಕೈ ತೊಳೆಯಿರಿ. ಬಿಡುವಿರುವ ಮನೆಗಳಲ್ಲಿ ಹಿರಿಯ ಹೆಂಗಸರು ಕಿರಿಯರಿಗೆ ಕುಂಕುಮ ಮಾಡುವುದನ್ನು ಕಲಿಸಲಿ.

ಸೌಭಾಗ್ಯದ ಚಿಹ್ನೆಯು ಆರೋಗ್ಯಕ್ಕೆ ಶತ್ರುವಾಗಬೇಕಾಗಿಲ್ಲ. ಅಂಗಡಿಯಲ್ಲಿ ಹೆಸರನ್ನು ಕೇಳಿ ತೃಪ್ತರಾಗದೆ, ಇದು ಯಾವುದರಿಂದ ಆಯಿತೆಂದು ಕೇಳುವ ಅಭ್ಯಾಸವೊಂದು ನಮ್ಮ ಮನೆಗಳಲ್ಲಿ ನೆಲೆಗೊಳ್ಳಲಿ.